ಕೊಸರಿಲ್ಲದ ಅಳತೆ

ನರ್ಸಮ್ಮ ಔಷಧಿಯ ಸೀಸೆ ನೋಡುವಾಗ ಮೊದಲು ಸೀರೆಯ ನೆರಿಗೆಯನ್ನು ಎರಡು ಬೆರಳಲ್ಲಿ ಮೇಲೆತ್ತಿ, ಗೋಡೆ ಹಿಡಿದು, ಬಲಮಂಡಿಯನ್ನು ನೆಲಕ್ಕೆ ಊರುತ್ತಿದ್ದರು. ಆ ಮಂಡಿ ಕಟಕ್ ಎನ್ನುತ್ತಿತ್ತು. ಆಮೇಲೆ ಎಡಮಂಡಿ. ಅದು ಸದ್ದು ಮಾಡುತ್ತಿರಲಿಲ್ಲ, ಅವರ ಮುಖ ಮಾತ್ರ ಕಿವುಚಿಕೊಳ್ಳುತ್ತಿತ್ತು. ಕಿಟಕಿ ಕಟ್ಟೆಯ ಮೇಲಿಟ್ಟ ಕಂದು ಸೀಸೆಯ ಮಟ್ಟಕ್ಕೆ ಕಣ್ಣು ಬರುವವರೆಗೆ ಕತ್ತು ಇಳಿಸಿ, ಎಡಗಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ಗಾಜಿಗೆ ಒತ್ತಿ ಹಿಡಿಯುತ್ತಿದ್ದರು. ಹೊರಗಿನ ಬೆಳಕಿಗೆ ಒಳಗಿನ ಬಿಳಿ ಔಷಧಿ ಎಲ್ಲಿಯವರೆಗಿದೆ ಎಂದು ಕಾಣುತ್ತಿತ್ತು. ನಮ್ಮ ಮನೆಯಲ್ಲಿ ದೇವರ ಗೂಡಿನ ಮುಂದೆಯೂ ಯಾರೂ ಅಷ್ಟು ಹೊತ್ತು ಹಾಗೆ ಕೂತಿದ್ದನ್ನು ನಾನು ನೋಡಿಲ್ಲ.

"ಮೇಲಿಂದ ನೋಡಿದ್ರೆ ಸೀಸೆ ಸುಳ್ಳು ಹೇಳ್ತೈತೆ ಕಣಪ್ಪ. ಅದರ ಮಟ್ಟಕ್ಕೆ ಇಳಿದು ನೋಡ್ಬೇಕು" ಅನ್ನುತ್ತಿದ್ದರು. ಆಮೇಲೆ ಕೈ ಚಾಚುತ್ತಿದ್ದರು. ಎಬ್ಬಿಸುವುದು ನನ್ನ ಕೆಲಸ.

ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ವಯಸ್ಸೆಲ್ಲ ಕಳೆದು ನಿವೃತ್ತರಾಗಿ, ಹಿಂದೂಪುರದಲ್ಲಿ ನಮ್ಮ ಮನೆಯಿಂದ ಮೂರನೇ ಮನೆಯಲ್ಲಿ ಒಬ್ಬರೇ ಇದ್ದರು. ಹುಟ್ಟಿದೂರು ಕಲ್ಯಾಣದುರ್ಗ. ಕುಳ್ಳಗಿನ ಹೆಂಗಸು, ಇಲಿ ಬಾಲದಂಥ ಜಡೆ, ಮನೆಯೊಳಗೂ ಬಿಳಿ ಕ್ಯಾನ್ವಾಸ್ ಶೂ. ಮುದ್ದು ಮಾಡುವುದಿದ್ದರೆ ತೆಲುಗು, ಬೈಯುವುದಿದ್ದರೆ ಕನ್ನಡ. ನನ್ನ ಪಾಲಿಗೆ ಅವರ ತೆಲುಗು ಬಂದದ್ದು ಬಹಳ ಕಮ್ಮಿ.

ನಾನು ಹುಣಿಸೆ ಮಂಡಿಯಲ್ಲಿ ತೂಕ ಹಾಕುವವನು. ನಮ್ಮ ಕಡೆ ತಕ್ಕಡಿಗೆ ಕಾಟಾ ಅನ್ನುತ್ತಾರೆ, ನನ್ನಂಥವನಿಗೆ ಕಾಟಾದವನು ಅನ್ನುತ್ತಾರೆ. ಕಂಬದೂರಿನ ಹತ್ತಿರದ ಹಳ್ಳಿಯವನು, ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಇಲ್ಲಿಗೆ ಬಂದು ಮೂಟೆ ಹೊತ್ತೆ. ಹೊತ್ತು ಹೊತ್ತು ಹೆಗಲಿಗೇ ತೂಕ ತಿಳಿಯುವಂತಾಯಿತು. ಮೂಟೆ ಮೈಮೇಲೆ ಬಿದ್ದ ಕ್ಷಣ ನಾನು ಇಷ್ಟು ಕಿಲೋ ಅಂದರೆ, ಕಾಟಾದ ಮುಳ್ಳೂ ಹೆಚ್ಚುಕಮ್ಮಿ ಅಲ್ಲೇ ಬಂದು ನಿಲ್ಲುತ್ತಿತ್ತು. ಅದನ್ನು ನೋಡಿ ಧಣಿ ನನ್ನನ್ನು ತೂಕಕ್ಕೆ ನಿಲ್ಲಿಸಿದರು. ನನ್ನ ಕಾಟಾದಲ್ಲಿ ಯಾರಿಗೂ ಕಮ್ಮಿ ಬಿದ್ದಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ.

ಮಂಡಿಯಲ್ಲಿ ಒಂದು ಪದ್ಧತಿಯಿದೆ. ಮುಳ್ಳು ಸರಿಯಾಗಿ ನಿಂತ ಮೇಲೂ ಒಂದು ಹಿಡಿ ಹುಣಿಸೆಹಣ್ಣನ್ನು ಮೂಟೆಯ ಮೇಲೆ ಹಾಕುತ್ತೇವೆ. ಅದು ಕೊಸರು. ತೂಕಕ್ಕೆ ಸೇರಿದ್ದಲ್ಲ, ಪ್ರೀತಿಗೆ, ಮರ್ಯಾದೆಗೆ ಹಾಕುವುದು. ಕೊಸರಿಲ್ಲದೆ ಮೂಟೆಯ ಬಾಯಿ ಹೊಲಿದರೆ ತಗೊಂಡವನು ಮುಖ ನೋಡುತ್ತಾನೆ. ಹಾಲಿನವಳು, ತರಕಾರಿಯವನು, ಹೂವಿನವಳು ಎಲ್ಲರೂ ಹಾಕುತ್ತಾರೆ. ಮೂವತ್ತು ವರ್ಷ ಕೊಸರು ಹಾಕಿದ ಕೈ ನನ್ನದು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ತಿಳಿಯುತ್ತದೆ.

ನನ್ನ ಮಗಳಿಗೆ ಆರು ವರ್ಷವಾದಾಗ ಕೆಮ್ಮು, ಜ್ವರ ಹಿಡಿಯಿತು. ಊರಿನ ಔಷಧಿಗೆ ಬಗ್ಗಲಿಲ್ಲ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡರು. ಕೊನೆಗೆ ಡಾಕ್ಟರು ನನ್ನನ್ನು ಕೂರಿಸಿಕೊಂಡು, ಮಗುವಿನ ಶ್ವಾಸಕೋಶದಲ್ಲಿ ಫಂಗಸ್ ಬೆಳೆದಿದೆ ಎಂದರು. ನನಗೆ ತಿಳಿಯಲಿಲ್ಲ. "ಬೂಷ್ಟು, ಬೂಷ್ಟು" ಎಂದರು.

ಬೂಷ್ಟು ನನಗೆ ಗೊತ್ತು. ಒದ್ದೆಯಾದ ಹುಣಿಸೆ ಮೂಟೆಯ ತಳದಲ್ಲಿ ಬೂದಿಯಂತೆ ಕೂತಿರುತ್ತದೆ. ಕೈಯಿಂದ ಕೊಡವಿದರೆ ಗಾಳಿಗೆ ಹಾರುತ್ತದೆ. ದಿನಾ ಸಾಯಂಕಾಲ ಅದನ್ನು ಮೈಗೆ ಮೆತ್ತಿಕೊಂಡು ಬಂದು ಮಗಳನ್ನು ಎತ್ತಿಕೊಳ್ಳುತ್ತಿದ್ದವನು ನಾನೇ. "ನನ್ನಿಂದ ಬಂತಾ ಸ್ವಾಮಿ?" ಎಂದು ಕೇಳಿದೆ. ಬೂಷ್ಟು ಎಲ್ಲರ ಮನೆಯ ಗಾಳಿಯಲ್ಲೂ ಇರುತ್ತದೆ, ನಮ್ಮ ನಿಮ್ಮ ರಕ್ತ ಅದನ್ನು ಕೊಂದುಹಾಕುತ್ತದೆ, ಇವಳ ರಕ್ತಕ್ಕೆ ಹುಟ್ಟಿನಿಂದಲೇ ಆ ಶಕ್ತಿಯಿಲ್ಲ ಎಂದರು. ಆಮೇಲೆ ಮೆಲ್ಲಗೆ, "ನೀವು ಗಂಡ ಹೆಂಡತಿ ಒಳಸಂಬಂಧದವರಾ?" ಎಂದು ಕೇಳಿದರು. ನನ್ನ ಹೆಂಡತಿ ನನ್ನ ಅಕ್ಕನ ಮಗಳು. ನಾನು ನೆಲ ನೋಡಿದೆ.

ಅಂದಿನಿಂದ ಮಂಡಿಯ ನಲ್ಲಿಯಲ್ಲಿ ಮೈ ತೊಳೆದು, ಬೇರೆ ಬಟ್ಟೆ ಹಾಕಿಕೊಂಡೇ ಮನೆಗೆ ಬರುವುದು ಶುರುವಾಯಿತು. ಜೊತೆಗೆ ಬೂಷ್ಟು ಕೊಲ್ಲುವ ಔಷಧಿ. ದಿನಕ್ಕೆರಡು ಹೊತ್ತು, ಊಟಕ್ಕೆ ಒಂದು ಗಂಟೆ ಮುಂಚೆ. ಎಷ್ಟು ತಿಂಗಳು ಎಂದು ಅವರಿಗೂ ಗೊತ್ತಿರಲಿಲ್ಲ. ಬಿಸಿಲಿಗೆ ಬಿಡಬಾರದು, ಚರ್ಮ ಸುಡುತ್ತದೆ. ವಾರಕ್ಕೊಮ್ಮೆ ತೂಕ ನೋಡಬೇಕು, ಹೇಳಿದಾಗ ರಕ್ತ ತೆಗೆದು ಕಳಿಸಬೇಕು. ಇಷ್ಟೆಲ್ಲ ಚೀಟಿಯಲ್ಲಿತ್ತು. ಊರಿಗೆ ಬಂದು ವಾರವಾದ ಮೇಲೆ ಆ ಚೀಟಿ ಹಿಡಿದು, ಮಗಳನ್ನು ಎತ್ತಿಕೊಂಡು ನರ್ಸಮ್ಮನ ಮನೆಗೆ ಹೋದೆ.

ಅವರು ಚೀಟಿ ಓದಿದರು. ತಿರುಗಿಸಿ ಹಿಂದೆಯೂ ಓದಿದರು.

"ಇದರಲ್ಲಿರೋದು ಆಸ್ಪತ್ರೆ ತೂಕ. ಇವತ್ತೆಷ್ಟು?"

"ಹದಿನೆಂಟು ಕಿಲೋ. ಮನೆ ಊಟ ಸೇರ್ತಾ ಐತೆ."

"ಎಲ್ಲಿ ತೂಗಿಸ್ದೆ?"

"ತೂಗ್ಸೋದೇನಮ್ಮಾ, ನಾನು ಕಾಟಾದೋನು. ಎತ್ತಿದ್ರೆ ಗೊತ್ತಾಯ್ತದೆ."

"ಓಹೋ, ಮೇಸ್ತ್ರಿ!" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆ ಹೆಸರು ಕೊನೆಯವರೆಗೂ ಉಳಿಯಿತು. "ಇಳಿಸು ಮೇಸ್ತ್ರೀ ಮಗೂನ. ಸ್ವೆಟರ್ ತೆಗಿ. ಗೆಜ್ಜೆ ಬಿಚ್ಚು."

"ಗೆಜ್ಜೆ ಎಷ್ಟು ತೂಗೀತಮ್ಮಾ?"

"ಗೆಜ್ಜೆಗೇನು ಬೂಷ್ಟು ಹಿಡಿದೈತೇನಪ್ಪಾ? ಅದಕ್ಯಾಕೆ ಔಷಧಿ ಕೊಡ್ತೀಯ?"

ಗೆಜ್ಜೆ ಬಿಚ್ಚಿದೆ. ಮಗಳ ಮುಷ್ಟಿ ಬಿಡಿಸಿ ಕಡಲೆಮಿಠಾಯಿಯನ್ನೂ ತೆಗೆದಿಟ್ಟರು. ಅವರ ಮನೆಯ ಮೂಲೆಯಲ್ಲಿ ಹತ್ತಿ ನಿಲ್ಲುವ ಹಳೆಯ ತೂಕದ ಮೆಷೀನಿತ್ತು. ಮಗು ನಿಂತಿತು. ಮುಳ್ಳು ಹದಿನಾರರ ಹತ್ತಿರ ತೂಗಾಡಿ ನಿಂತಿತು.

"ಹದಿನೆಂಟಂತೆ ಹದಿನೆಂಟು. ಮಕ್ಕಳ ಔಷಧಿ ತೂಕದ ಮೇಲೆ ನಿಂತೈತೆ ಕಣಪ್ಪ. ಮಗು ಎರಡು ಕಿಲೋ ಏರಿದ್ರೆ ಔಷಧಿ ಏರ್ಬೇಕು, ಇಳಿದ್ರೆ ಇಳೀಬೇಕು. ತೂಕದೋನಿಗೆ ನಾನು ಹೇಳ್ಬೇಕಾ?"

ಮಂಡಿಯಲ್ಲಿ ಯಾರಾದರೂ ಹಾಗಂದಿದ್ದರೆ ಸುಮ್ಮನಿರುತ್ತಿರಲಿಲ್ಲ. ಮುಖ ಬಿಗಿದುಕೊಂಡು, "ನಿಮ್ಮ ಮೆಷೀನು ಸರಿ ಐತಾ?" ಎಂದೆ.

"ನೀನೇ ನೋಡು" ಅಂದರು.

ಮಾರನೇ ಭಾನುವಾರ ಮಂಡಿಯಿಂದ ಸರ್ಕಾರದ ಮುದ್ರೆಯಿದ್ದ ಇಪ್ಪತ್ತು ಕಿಲೋ ತೂಕದ ಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಅವರ ಮೆಷೀನಿನ ಮೇಲಿಟ್ಟೆ. ಕಾಲು ಕಿಲೋ ಕಮ್ಮಿ ತೋರಿಸಿತು. ಗೆದ್ದೆ ಎನ್ನಿಸಿತು. ಕೆಳಗಿನ ತಿರುಪು ತಿರುಗಿಸಿ ಮುಳ್ಳನ್ನು ಸರಿಮಾಡಿದೆ. ನರ್ಸಮ್ಮ ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡರೆ, ಅವರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ಇಷ್ಟು ವರ್ಷ ಮಕ್ಕಳನ್ನ ತೂಗಿದ್ದೀನಿ ಕಣಯ್ಯ. ಮೆಷೀನನ್ನ ತೂಗಿದೋನು ನೀನೊಬ್ನೇ." ಆವತ್ತು ತಮ್ಮ ಕೈಯಾರೆ ಟೀ ಮಾಡಿ ಕೊಟ್ಟರು. ಸಕ್ಕರೆಯನ್ನೂ ಚಮಚದ ಅಂಚಿಗೆ ಸಮ ಮಾಡಿ ಅಳೆದೇ ಹಾಕಿದರು. ಅಲ್ಲಿಂದ ಪ್ರತಿ ಭಾನುವಾರ ಮೊದಲು ಕಲ್ಲು, ಆಮೇಲೆ ಮಗಳು.

ಔಷಧಿ ಪುಡಿಯ ರೂಪದಲ್ಲಿ ಬರುತ್ತಿತ್ತು. ಅಳೆದ ನೀರು ಬೆರೆಸಿ ಹತ್ತು ಎಣಿಸುವವರೆಗೆ ಅಲ್ಲಾಡಿಸಿದರೆ ಹಾಲಿನಂತಾಗುತ್ತಿತ್ತು. ನರ್ಸಮ್ಮ ಗಾಯಕ್ಕೆ ಹಾಕುವ ಪ್ಲಾಸ್ಟರಿನ ಪಟ್ಟಿಯನ್ನು ಸೀಸೆಯ ಉದ್ದಕ್ಕೆ ಅಂಟಿಸಿ, ಅದರ ಮೇಲೆ ಪೆನ್ನಿನಿಂದ ದಿನಕ್ಕೊಂದು ಗೆರೆ ಎಳೆಯುತ್ತಿದ್ದರು. ಸೋಮವಾರ ಸಾಯಂಕಾಲ ಔಷಧಿ ಈ ಗೆರೆಗೆ ಇಳಿದಿರಬೇಕು, ಮಂಗಳವಾರ ಈ ಗೆರೆಗೆ. ಸೀಸೆ ಮುಗಿದ ಮೇಲೆ ಪಟ್ಟಿ ಕಿತ್ತು ಒಂದು ನೋಟ್‌ಬುಕ್ಕಿನಲ್ಲಿ ಅಂಟಿಸಿ, ಪಕ್ಕದಲ್ಲಿ ತೂಕ ಬರೆಯುತ್ತಿದ್ದರು. ಕೊಡುವುದು ಸೂಜಿಯಿಲ್ಲದ ಸಿರಿಂಜಿನಲ್ಲಿ: ಮೂರು ದೊಡ್ಡ ಗೆರೆ ದಾಟಿ ಆರು ಸಣ್ಣ ಗೆರೆ. ನನ್ನ ಹೆಂಡತಿಗೆ ಅದನ್ನು ಮುಟ್ಟಲು ಭಯ. ಹೀಗಾಗಿ ಎರಡೂ ಹೊತ್ತು ನಾನೇ ಕೊಡುತ್ತಿದ್ದೆ.

ರಕ್ತ ತೆಗೆಯುವ ದಿನ ಬೆಳಗ್ಗೆ ಔಷಧಿ ಕೊಡುವ ಮುಂಚೆಯೇ ಬರುತ್ತಿದ್ದರು. ಕೊಟ್ಟ ಮೇಲೆ ಯಾಕೆ ತೆಗೆಯಬಾರದು ಎಂದು ಕೇಳಿದ್ದಕ್ಕೆ, "ನಿಮ್ಮ ಮನೆ ತೊಟ್ಟಿಗೆ ನೀರು ಬಿಡೋ ಮುಂಚೆ ತಳದಲ್ಲಿ ಎಷ್ಟು ಉಳಿದೈತೆ ಅಂತ ಕೋಲು ಇಳಿಸಿ ನೋಡಲ್ವಾ? ಹಂಗೆ. ತಳ ಒಣಗಿದ್ರೆ ಬೂಷ್ಟು ಮತ್ತೆ ಎದ್ದೇಳ್ತದೆ. ತುಂಬಿ ಹರಿದ್ರೆ ಮಗು ಮುಳುಗ್ತದೆ" ಅಂದರು. ಆಮೇಲೆ ಮಗಳಿಗೆ, "ನಾ ಬಂಗಾರು, ಚೀಮ ಕುಟ್ಟಿನಟ್ಟು, ಅಂತೇ" ಎಂದು ತೆಲುಗಿನಲ್ಲಿ, ಇರುವೆ ಕಚ್ಚಿದ ಹಾಗೆ ಅಷ್ಟೇ ಎಂದು ಮುದ್ದು ಮಾಡುತ್ತಲೇ ಸೂಜಿ ಹಾಕಿ ಮುಗಿಸುತ್ತಿದ್ದರು. ಆ ನಳಿಕೆಯನ್ನು ನಾನು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಒಯ್ದು ಕೊಡುತ್ತಿದ್ದೆ. ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಿದ್ದೆ, ಕೆಳಗಿಡಲು ಮನಸ್ಸಾಗುತ್ತಿರಲಿಲ್ಲ.

ಇನ್ನು ನನ್ನ ತಪ್ಪು.

ಎರಡನೇ ತಿಂಗಳಲ್ಲಿ ಕೆಮ್ಮು ಸ್ವಲ್ಪ ಮರುಕಳಿಸಿತು. ಬೆಳಗ್ಗೆ ಸಿರಿಂಜು ಹಿಡಿದು ಕಿಟಕಿಯ ಹತ್ತಿರ ನಿಂತಿದ್ದೆ. ಮೂರು ದೊಡ್ಡ ಗೆರೆ, ಆರು ಸಣ್ಣ ಗೆರೆ. ಸರಿಯಾಗಿ ನಿಂತಿತು. ಊರಿನವರ ಮೂಟೆಗೆಲ್ಲ ಹಿಡಿ ಹಿಡಿ ಮೇಲೆ ಹಾಕುವವನು ಹೆತ್ತ ಮಗಳಿಗೆ ಗೆರೆ ನೋಡಿ ಅಳೆದು ಕೊಡುತ್ತಿದ್ದೇನಲ್ಲ ಎನ್ನಿಸಿತು. ನಾಚಿಕೆಯೇ ಆಯಿತು. ಬೆರಳು ತಾನಾಗಿಯೇ ಇನ್ನೊಂದಿಷ್ಟು ಎಳೆಯಿತು. ನಾಲ್ಕು ದಾಟಿತು. ಸಾಯಂಕಾಲವೂ ಹಾಗೇ. ಮಾರನೇ ದಿನ ಅದೇ ಅಭ್ಯಾಸವಾಯಿತು. ಔಷಧಿ ತಾನೇ, ವಿಷವಲ್ಲವಲ್ಲ ಅಂದುಕೊಂಡೆ. ಆ ವಾರವೇ ರಕ್ತ ತೆಗೆಯುವ ದಿನವೂ ಬಂದಿತ್ತು. ನಳಿಕೆಯನ್ನು ಬೆಂಗಳೂರಿಗೆ ಕೊಟ್ಟು ಬಂದೆ.

ಅದಾದ ಮೂರನೇ ಬೆಳಗ್ಗೆ ಮಗಳು ಗೋಡೆಗೆ ಬೆನ್ನು ಹಾಕಿ ಕೂತು ಅಳಲು ಶುರುಮಾಡಿದಳು.

"ಅಪ್ಪಾ, ಇರುವೆ. ಗೋಡೆ ತುಂಬ ಇರುವೆ."

ಗೋಡೆ ಬೆಳ್ಳಗಿತ್ತು. ಒಂದು ಇರುವೆಯೂ ಇರಲಿಲ್ಲ.

"ಅಮ್ಮನ ಸೀರೆ ಉರೀತಾ ಐತೆ" ಎಂದಳು. ನನ್ನ ಹೆಂಡತಿ ಉಟ್ಟಿದ್ದು ಮಾಸಿದ ಹಳದಿ ಸೀರೆ. ಅವಳು ಬಾಗಿದರೆ ಮಗು ಕಿರುಚಿ ಹಿಂದೆ ಸರಿಯುತ್ತಿತ್ತು.

ನನ್ನ ಅಕ್ಕ, ಅಂದರೆ ಮಗಳ ಅಜ್ಜಿ, ಒಳಗಿಂದ ಓಡಿಬಂದಳು. ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. "ಘಾಟೇ ಬರ್ಲಿಲ್ಲ ಕಣ್ಲಾ! ಮಗೀಗೆ ಗಾಳಿ ಸೋಕ್ಬುಟ್ಟೈತೆ. ನಡಿ, ಆಟೋ ತಗಂಬಾ, ಮಂತ್ರ ಹಾಕ್ಸಾನ." ನಾನೂ ಹೆದರಿ ಚಪ್ಪಲಿ ಮೆಟ್ಟಿದೆ.

ಬಾಗಿಲಲ್ಲಿ ನರ್ಸಮ್ಮ ನಿಂತಿದ್ದರು. ಕೈಯಲ್ಲಿ ಫೋನು. ಓಡಿಬಂದಿದ್ದರೇನೋ, ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಡಾಕ್ಟ್ರು ಫೋನ್ ಮಾಡಿದ್ರು. ರಕ್ತದಲ್ಲಿ ಔಷಧಿ ವಿಪರೀತ ಏರೈತಂತೆ. ಲಿವರ್ ಮೇಲೂ ಬಿದ್ದೈತೆ. ಬೆಳಗ್ಗೆ ಕೊಟ್ಟಾಯ್ತಾ?"

"ಇಲ್ಲಮ್ಮ, ಇನ್ನೂ ಇಲ್ಲ."

"ಕೊಡಬ್ಯಾಡ." ಮಗುವಿನ ಕಣ್ಣು ನೋಡಿದರು, ಗೋಡೆ ನೋಡಿದರು. ಅಕ್ಕನಿಗೆ, "ಗಾಳಿಯೂ ಇಲ್ಲ, ದೆವ್ವವೂ ಇಲ್ಲ ಕಣಮ್ಮ. ಇದು ಔಷಧಿ ಮಾಡೋ ಆಟ, ಇಳೀತದೆ. ಕರ್ಟನ್ ಎಳೀರಿ, ಬೆಳಕು ಚುಚ್ತೈತೆ ಅವಳಿಗೆ" ಎಂದರು. ಆಮೇಲೆ ಸೀರೆ ನೆರಿಗೆ ಎತ್ತಿ, ಗೋಡೆ ಹಿಡಿದು, ಬಲಮಂಡಿ ಊರಿದರು. ಎಡಮಂಡಿ ಊರಿದರು. ಸೀಸೆಗೆ ಕಣ್ಣು ಹಿಡಿದು ಬಹಳ ಹೊತ್ತು ಕೂತರು.

"ಮೇಸ್ತ್ರಿ, ಒಂದು ಪೂರ್ತಿ ಗೆರೆ ಕೆಳಗೈತೆ. ಎಷ್ಟು ಹಾಕ್ತಿದ್ದೀಯ?"

"ನೀವು ಹೇಳ್ದಷ್ಟೇ."

"ಹಂಗಾದ್ರೆ ಔಷಧಿ ಎಲ್ಲಿಗೋಯ್ತು?"

ಮನೆಯವರೆಲ್ಲ ನನ್ನನ್ನು ನೋಡುತ್ತಿದ್ದರು. ಅಷ್ಟು ವರ್ಷ ಅಳತೆಯಲ್ಲಿ ತಪ್ಪದವನು ನಾನು. "ಇವಳು ಚೆಲ್ಲವ್ಳೆ" ಎಂದು ಹೆಂಡತಿಯ ಕಡೆ ಕೈ ತೋರಿಸಿಬಿಟ್ಟೆ.

ಅವಳು ಆ ಸೀಸೆಯನ್ನು ಒಂದು ದಿನವೂ ಮುಟ್ಟಿದವಳಲ್ಲ. ನನ್ನ ಮುಖ ನೋಡಿದಳು. ಸೆರಗಿನ ಹಳದಿ ಕಾಣದಂತೆ ಮೇಲೊಂದು ಟವಲ್ ಹೊದ್ದು ಮಗಳನ್ನು ಹತ್ತಿರ ಎಳೆದುಕೊಂಡಳು, ಅಷ್ಟೇ.

ನರ್ಸಮ್ಮ ಕಿಟಕಿ ಕಟ್ಟೆಯ ಮೇಲೆ ಬೆರಳಾಡಿಸಿದರು. ಅಂಟಿಲ್ಲ, ಕಲೆಯಿಲ್ಲ. ನನ್ನನ್ನು ಬೈಯಲಿಲ್ಲ. ನೆಲದ ಮೇಲೆ ಕೂತಲ್ಲಿಂದಲೇ ಮೆಲ್ಲಗೆ ಹೇಳಿದರು:

"ಕೇಳು. ಡಾಕ್ಟ್ರು ಏನಂದ್ಕೊಂಡವ್ರೆ? ಹೇಳ್ದಷ್ಟೇ ಕೊಟ್ರೂ ಈ ಮಗೀಗೆ ಇಷ್ಟು ಏರ್ತೈತೆ ಅಂತ. ಅದಕ್ಕೇ ಈಗ ಡೋಸು ಇಳಿಸ್ತಾರೆ. ನೀನು ನಿಜವಾಗ್ಲೂ ಗೆರೆಗೇ ಹಾಕಿದ್ರೆ, ಇಳಿಸೋದು ಸರಿ. ಹೆಚ್ಚು ಹಾಕಿದ್ರೆ, ಇಳಿಸಿದ ಮೇಲೆ ತಳ ಒಣಗ್ತದೆ. ಬೂಷ್ಟು ಗೆಲ್ತದೆ. ಅದು ಗೆದ್ದಮೇಲೆ ನನ್ನ ಹತ್ರ ಬರಬ್ಯಾಡ, ಯಾರ ಹತ್ರ ಹೋದ್ರೂ ಆಗಾಕಿಲ್ಲ. ನಿನ್ನ ಮರ್ಯಾದೆ ದೊಡ್ಡದೋ, ಮಗು ದೊಡ್ಡದೋ, ನೀನೇ ತೂಗಿ ನೋಡು ಮೇಸ್ತ್ರಿ."

ಮಗಳು ಮತ್ತೆ ಇರುವೆ ಎಂದು ನರಳಿದಳು.

"ಕೊಸರು ಹಾಕ್ಬುಟ್ಟೆ ಕಣಮ್ಮ" ಎಂದೆ. "ನಾಲ್ಕು ದಾಟಿಸಿ ಕೊಟ್ಟೆ. ಎರಡೂ ಹೊತ್ತು. ಈ ಸೀಸೆ ಶುರು ಮಾಡ್ದಾಗಿಂದ."

ಅವರು ಕಣ್ಣು ಮುಚ್ಚಿ ತೆರೆದರು. "ಹುಣಿಸೆಗೆ ಕೊಸರು ಹಾಕಿದ್ರೆ ತಗೊಂಡೋನು ನಗ್ತಾನೆ. ಈ ಔಷಧಿ ಹಂಗಲ್ಲಪ್ಪ. ಸಿರಿಂಜಲ್ಲಿ ಒಂದು ಹಿಡಿ ಹೆಚ್ಚಾದ್ರೆ ರಕ್ತದಲ್ಲಿ ಮೂಟೆನೇ ಹೆಚ್ಚಾಯ್ತದೆ." ಫೋನು ಮುಂದೆ ಹಿಡಿದರು. "ನಾನು ಹೇಳಾಕಿಲ್ಲ. ಡಾಕ್ಟ್ರಿಗೆ ನೀನೇ ಹೇಳು. ಅದಕ್ಕೆ ಮುಂಚೆ ಅವಳ ಕಡೆ ತಿರುಗಿ ಹೇಳು."

ಹೆಂಡತಿಯ ಕಡೆ ತಿರುಗಿ ಹೇಳಿದೆ. "ಗೊತ್ತು ಬುಡು" ಅಂದಳು. ಆಮೇಲೆ ಡಾಕ್ಟರಿಗೆ ಹೇಳಿದೆ, ಇಷ್ಟು ಗೆರೆ, ಇಷ್ಟು ದಿನ, ಒಂದೂ ಬಿಡದೆ. ಆ ಕಡೆಯಿಂದ ಅವರು, "ಹೇಳಿದ್ದು ಒಳ್ಳೆಯದಾಯಿತು. ಡೋಸು ಇಳಿಸಿ ಬರೆಯುತ್ತಾ ಇದ್ದೆ, ಹೊಡೆದುಹಾಕಿದೆ" ಎಂದರು. ಔಷಧಿ ನಿಲ್ಲಿಸಿ, ಮಗಳನ್ನು ಅವತ್ತೇ ಕರೆಸಿ ನೋಡಿದರು. ಇರುವೆಗಳು ಎರಡು ದಿನದಲ್ಲಿ ಹೋದವು. ಆಮೇಲೆ ಅದೇ ಮೊದಲಿನ ಅಳತೆ, ಕೊಸರಿಲ್ಲದೆ. ವಾರ ಬಿಟ್ಟು ತೆಗೆದ ರಕ್ತದಲ್ಲಿ ಔಷಧಿ ಎಷ್ಟಿರಬೇಕೋ ಅಷ್ಟೇ ಇತ್ತು. ಇಳಿಸಿದ್ದರೆ ಸಾಲುತ್ತಿರಲಿಲ್ಲ ಎಂದು ಡಾಕ್ಟರೇ ಹೇಳಿದರು. ನರ್ಸಮ್ಮ ಅದನ್ನು ಕೇಳಿ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು ಒಳಗೆ ಹೋದರು. ಅವರು ಅತ್ತದ್ದು ಗೊತ್ತಾಗಬಾರದೆಂದು ಹಾಗೆ ಮಾಡಿದ್ದು ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಬೂಷ್ಟು ಕರಗಲು ವರ್ಷ ಹಿಡಿಯಿತು. ಪ್ಲಾಸ್ಟರಿನ ಪಟ್ಟಿಗಳು ಸೇರಿ ಸೇರಿ ಆ ನೋಟ್‌ಬುಕ್ಕು ಮುಚ್ಚಲಾರದಷ್ಟು ಉಬ್ಬಿತು. ಮಗಳು ತುಂಬುತೋಳಿನ ಅಂಗಿ, ಕೊಡೆ ಹಿಡಿದು ಮತ್ತೆ ಶಾಲೆಗೆ ಹೋದಳು. ಆಮೇಲೆ ಬೂಷ್ಟು ಮರಳದಂತೆ ಕಾವಲಿಗೆ ಬೇರೆ ಔಷಧಿ ಕೊಟ್ಟರು. ಅದು ಇವತ್ತಿಗೂ ನಡೆಯುತ್ತಿದೆ.

ನರ್ಸಮ್ಮನಿಗೆ ಮಂಡಿ ಪೂರ್ತಿ ಸೋತ ಮೇಲೆ ಕಲ್ಯಾಣದುರ್ಗದಿಂದ ಅವರ ತಂಗಿ ಬಂದು ಕರೆದುಕೊಂಡು ಹೋದರು. ಹೊರಡುವ ದಿನ ತೂಕದ ಮೆಷೀನನ್ನು ನಮ್ಮ ಮನೆಗೆ ಕಳಿಸಿದರು. "ನನಗ್ಯಾಕೆ, ನನ್ನನ್ಯಾರು ತೂಗ್ತಾರೆ" ಅಂದರು. ಅಲ್ಲಿ ಹೋದರೂ ಬಿಡಲಿಲ್ಲ. ಪ್ರತಿ ಭಾನುವಾರ ಮೆಷೀನಿನ ಮುಳ್ಳಿನ ಫೋಟೋ ಫೋನಿಗೆ ಕಳಿಸಬೇಕು. ಕಳಿಸಿದ ಕೂಡಲೇ ಕರೆ ಬರುತ್ತಿತ್ತು. "ಮೇಲಿಂದ ತೆಗ್ದಿದ್ದೀಯ ಫೋಟೋನ. ಕೂತ್ಕಂಡು ತೆಗಿ. ನಿಂಗೇನು ಮಂಡಿ ನೋವಾ?" ಎರಡನೇ ಫೋಟೋಗೆ, "ಹಾಂ, ಈಗ ಸರಿ. ಮಗೀಗೆ ಫೋನು ಕೊಡು" ಅನ್ನುತ್ತಿದ್ದರು. ಅವಳ ಜೊತೆ ಅರ್ಧ ಗಂಟೆ ತೆಲುಗು.

ಹೋದ ವರ್ಷ ಒಂದು ಭಾನುವಾರ ಫೋಟೋ ಕಳಿಸಿದರೆ ಕರೆ ಬರಲಿಲ್ಲ. ಮಾರನೇ ಭಾನುವಾರವೂ ಬರಲಿಲ್ಲ. ಮಗಳನ್ನು ಕರೆದುಕೊಂಡು ಬಸ್ಸು ಬದಲಾಯಿಸಿ ಕಲ್ಯಾಣದುರ್ಗಕ್ಕೆ ಹೋದೆ. ನರ್ಸಮ್ಮ ಹಜಾರದ ಮಂಚದಲ್ಲಿ ಮಲಗಿದ್ದರು. ಕ್ಯಾನ್ವಾಸ್ ಶೂ ಮಂಚದ ಕೆಳಗೆ ಜೋಡಿಸಿಟ್ಟಿತ್ತು, ಧೂಳು ಕೂತಿತ್ತು. ಹೊಟ್ಟೆಯಲ್ಲಿ ಗಡ್ಡೆ, ಮಾಡುವುದಕ್ಕೆ ಏನೂ ಇಲ್ಲ ಎಂದು ತಂಗಿ ಅಡುಗೆಮನೆಯಲ್ಲಿ ಹೇಳಿದರು.

ಮಗಳನ್ನು ನೋಡಿ ಅವರ ಕಣ್ಣು ಅರಳಿತು. ದಿಂಬಿನ ಪಕ್ಕದ ನೋಟ್‌ಬುಕ್ಕು ತೋರಿಸಿ ತೆಗೆದುಕೋ ಎಂದರು. ಅವಳು ಮಂಚದ ಅಂಚಿಗೆ ಕೂತು ಹಾಳೆ ತಿರುಗಿಸಿದಳು. ಹಳದಿಗಟ್ಟಿದ ಪಟ್ಟಿಗಳು, ಪಕ್ಕದಲ್ಲಿ ತೆಲುಗಿನಲ್ಲಿ ತೂಕ. ಒಂದು ಹಾಳೆಯಲ್ಲಿ ಅವಳ ಬೆರಳು ನಿಂತಿತು.

"ಅಪ್ಪಾ, ಇಲ್ಲಿ ತೂಕದ ಜೊತೆ ಇನ್ನೇನೋ ಬರ್ದೈತೆ."

"ಓದು." ನನಗೆ ತೆಲುಗು ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ.

"ತಂಡ್ರಿ ನಿಜಂ ಚೆಪ್ಪಾಡು." ಆಮೇಲೆ ತಾನೇ ಕನ್ನಡದಲ್ಲಿ ಹೇಳಿದಳು, "ತಂದೆ ನಿಜ ಹೇಳಿದ." ಆ ಪಟ್ಟಿಯಲ್ಲಿ ಔಷಧಿ ನಿಲ್ಲಬೇಕಾದ ಗೆರೆಯ ಕೆಳಗೆ ಕೆಂಪು ಪೆನ್ನಿನ ಇನ್ನೊಂದು ಗೆರೆಯಿತ್ತು. ಸುಳ್ಳು ಹೇಳಿದ ಎಂದೂ ಬರೆಯಬಹುದಿತ್ತು. ಅದು ಮೊದಲು ನಡೆದದ್ದು. ಅದನ್ನು ಬರೆದಿರಲಿಲ್ಲ.

ಹಾಸಿಗೆಯ ಬಟ್ಟೆ ಬದಲಾಯಿಸಬೇಕು, ಸ್ವಲ್ಪ ಎತ್ತಿಕೊಳ್ಳುತ್ತೀಯಾ ಎಂದು ತಂಗಿ ಕೇಳಿದರು. ಎರಡೂ ಕೈ ಕೆಳಗೆ ಕೊಟ್ಟು ಎತ್ತಿದೆ. ಎತ್ತಿದ ಕ್ಷಣ ಕೈಗೆ ತೂಕ ತಿಳಿದುಹೋಯಿತು.

ನರ್ಸಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ಎಷ್ಟು ಮೇಸ್ತ್ರಿ?"

"ನಲವತ್ತು ಇದ್ದೀರ ಕಣಮ್ಮ. ಚೆನ್ನಾಗಿದ್ದೀರ."

ಅವರ ತುಟಿಯ ಮೂಲೆ ಎದ್ದಿತು. "ಈಗ್ತಾನೆ ಮಗಳು ಓದಿದ್ಳು. ಮತ್ತೆ ಕೊಸರಾ?"

ನಾನು ಅವರನ್ನು ತೋಳಿನಲ್ಲಿ ಸರಿಮಾಡಿ ಹಿಡಿದುಕೊಂಡೆ.

"ಅವತ್ತು ಮಗೂನ ಹದಿನೆಂಟು ಅಂದ್ಯಲ್ಲ, ಅವತ್ತೂ ನಿನ್ನ ಕೈಗೆ ಗೊತ್ತಿತ್ತು ಕಣಪ್ಪ. ಬಾಯಿಗೆ ಹೇಳೋಕೆ ಕಷ್ಟ ಆಯ್ತು. ಈಗ ಹೇಳು."

ನಿಜ. ಅವತ್ತೂ ಗೊತ್ತಿತ್ತು. ಅದನ್ನು ಯಾರಿಗೂ, ನನಗೆ ನಾನೂ ಹೇಳಿಕೊಂಡಿರಲಿಲ್ಲ.

"ಇಪ್ಪತ್ತೊಂಬತ್ತು" ಎಂದೆ.

"ಹಾಂ. ಈಗ ಸರಿ" ಎಂದು ತಲೆಯನ್ನು ನನ್ನ ತೋಳಿಗೆ ಆನಿಸಿದರು. ತಂಗಿ ಬಟ್ಟೆ ಹಾಸಿದ ಮೇಲೂ ಸ್ವಲ್ಪ ಹೊತ್ತು ನಾನು ಇಳಿಸಲಿಲ್ಲ. ಹೊರಡುವಾಗ ನನ್ನ ಕೈ ಹಿಡಿದು, "ಪೋಯಿರಾ ನಾಯನಾ" ಎಂದರು. ಹೋಗಿ ಬಾರಪ್ಪ ಎಂದು. ನನಗೆ ತೆಲುಗಿನಲ್ಲಿ ಹೇಳಿದ್ದು ಅದೊಂದೇ.

ಎರಡು ವಾರಕ್ಕೆ ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು.

ಮಂಡಿಯಲ್ಲಿ ಈಗಲೂ ಕೊಸರು ಹಾಕುತ್ತೇನೆ. ಹಾಕುವಾಗಲೆಲ್ಲ ಅವರ ನೆನಪಾಗಿ ಕೈ ಒಂದು ಗಳಿಗೆ ಮೂಟೆಯ ಮೇಲೆ ನಿಲ್ಲುತ್ತದೆ. ಏನಾಯ್ತು ಅಂತ ತಗೊಂಡವನು ಕೇಳುತ್ತಾನೆ. ಏನಿಲ್ಲ ಅನ್ನುತ್ತೇನೆ. ಬೈಸಿಕೊಳ್ಳುವುದಕ್ಕೆ ಹಂಬಲಿಸುತ್ತೇನೆ ಎಂದರೆ ಅವನಿಗೆ ಹೇಗೆ ತಿಳಿಯಬೇಕು?

ಭಾನುವಾರ ಬೆಳಗ್ಗೆ ಮೆಷೀನನ್ನು ಕಿಟಕಿಯ ಬೆಳಕಿಗೆ ಎಳೆದು, ಮೊದಲು ಇಪ್ಪತ್ತು ಕಿಲೋ ಕಲ್ಲಿಟ್ಟು ಮುಳ್ಳು ನೋಡುತ್ತೇನೆ. ಮಗಳಿಗೆ ಈಗ ಹದಿಮೂರು. ಯಾರೂ ಹೇಳದೆ ತಾನೇ ಕೂತು ಗೆಜ್ಜೆ ಬಿಚ್ಚಿ ಪಕ್ಕಕ್ಕಿಟ್ಟು ಹತ್ತಿ ನಿಲ್ಲುತ್ತಾಳೆ. ನಾನು ಗೋಡೆ ಹಿಡಿದು ಬಲಮಂಡಿ ಊರುತ್ತೇನೆ, ಎಡಮಂಡಿ ಊರುತ್ತೇನೆ. ನನಗೂ ಈಗ ಕಟಕ್ ಎನ್ನುತ್ತದೆ. ಒಂದು ಕಣ್ಣು ಮುಚ್ಚಿ, ಮುಳ್ಳು ತೂಗಾಡಿ ನಿಲ್ಲುವವರೆಗೆ ಕಾದು, ಎಷ್ಟಿದೆಯೋ ಅಷ್ಟನ್ನೇ ಓದಿ ಹೇಳುತ್ತೇನೆ.